ಹಿತ್ತಾಳೆ ಗಿಣಿ ಉಬ್ಬೋ, ತಗ್ಗೋ?

ಒಂದು ಗಿಣಿ ನಮಗೆ ಎಷ್ಟಕ್ಕೆ ಬಿತ್ತು ಅಂತ ಮೊದಲೇ ಹೇಳಿಬಿಡುತ್ತೇನೆ. ಒಂದು ಗಟ್ಟಿ ಒಳ್ಳೆಯ ಉಕ್ಕು, ಹನ್ನೊಂದು ದಿನದ ಕೆತ್ತನೆ, ನನ್ನ ಆ ವರ್ಷದ ಇನ್‌ಕ್ರಿಮೆಂಟು. ಇಷ್ಟಕ್ಕೇ ಮುಗಿದದ್ದು ನಮ್ಮ ಪುಣ್ಯ. ಇನ್ನೊಂದು ಚೂರು ಜಾರಿದ್ದರೆ ಒಬ್ಬ ಒಳ್ಳೆಯ ಕೆಲಸಗಾರನ ಹೆಸರೂ ಜೊತೆಗೇ ಹೋಗುತ್ತಿತ್ತು. ಕಾರಣ ಏನು ಅಂದರೆ, ಸ್ಯಾಂಪಲ್ ಬರುವವರೆಗೆ ಹತ್ತು ದಿನ ಕಾಯುವ ವ್ಯವಧಾನ ನನಗಿರಲಿಲ್ಲ.

ನಾನು ಚಿಕ್ಕಬಾಣಾವರದವನು. ಹುಡುಗನಾಗಿದ್ದಾಗ ಅವ್ವನ ಜೊತೆ ಸೊಪ್ಪಿನ ಕಂತೆ ಹೊತ್ತು ಮಾರಿದವನು. ಮೆಟ್ರಿಕ್‌ನಲ್ಲಿ ಗಣಿತ ಕೈಕೊಟ್ಟಿತು. ವ್ಯಾಪಾರದ ಲೆಕ್ಕ ಮಾತ್ರ ಯಾವತ್ತೂ ಕೈಕೊಡಲಿಲ್ಲ. ಎಪ್ಪತ್ತರ ದಶಕದಲ್ಲಿ ಪೀಣ್ಯದಲ್ಲಿ ಸಾಲುಸಾಲು ಶೆಡ್ಡುಗಳು ಎದ್ದವಲ್ಲ, ಅದರಲ್ಲೊಂದಕ್ಕೆ ಹೆಲ್ಪರ್ ಆಗಿ ಸೇರಿದೆ. ನಮ್ಮದು ಅಚ್ಚು ಮಾಡುವ ಶೆಡ್ಡು. ಉಕ್ಕಿನ ಗಟ್ಟಿಯಲ್ಲಿ ಚಿತ್ರ ಕೆತ್ತಿ, ಅದನ್ನು ಪ್ರೆಸ್ಸಿಗೆ ಕಟ್ಟಿ, ಹಿತ್ತಾಳೆ ತುಂಡುಗಳ ಮೇಲೆ ಒತ್ತಿದರೆ ಬಿಲ್ಲೆ ಬೀಳುತ್ತದೆ. ಬೀಗದ ಮೇಲೆ, ಹೊಲಿಗೆ ಯಂತ್ರದ ಮೇಲೆ, ಟೇಬಲ್ ಫ್ಯಾನಿನ ನಡುಮಧ್ಯ ನೀವು ನೋಡಿರುವ ಬಿಲ್ಲೆಗಳು ಇಂಥ ಜಾಗದಲ್ಲೇ ಹುಟ್ಟಿದ್ದು. ಹೆಲ್ಪರ್ ಆಗಿದ್ದವನು ಆರ್ಡರ್ ಹಿಡಿದು ತರುವವನು ಹೇಗಾದೆ ಅನ್ನುವ ಕಥೆ ಬೇಡ. ಬಾಯಿ ಜೋರಿತ್ತು, ಅಷ್ಟೇ.

ಈಗ ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರಿಗೆ ಒಂದೇ ಮಾತು ಹೇಳಬೇಕೆಂದು ಕೂತಿದ್ದೇನೆ. ಒಂದು ಚಿತ್ರವನ್ನು ನಾಲ್ಕು ಜನ ನೋಡಿದರೆ ನಾಲ್ವರಿಗೂ ಒಂದೇ ವಸ್ತು ಕಾಣುತ್ತದೆ ಅಂತ ನಂಬಬೇಡಿ. ಕಣ್ಣು ಚೆನ್ನಾಗಿದ್ದವರಿಗೂ ಹಾಗೆ ಕಾಣುವುದಿಲ್ಲ. ನಾನು ಇದನ್ನು ಎರಡು ಸಲ ಕಲಿಯಬೇಕಾಯಿತು. ಮೊದಲ ಸಲ ಪಾಠ ಪುಕ್ಕಟೆ ಸಿಕ್ಕಿತ್ತು, ಅದಕ್ಕೇ ತಲೆಗೆ ಹತ್ತಲಿಲ್ಲ.

ಆ ಪುಕ್ಕಟೆ ಪಾಠ ಇದು. ದೊಡ್ಡನೆಕ್ಕುಂದಿ ಕಡೆಯ ಗಿರಾಕಿಯೊಬ್ಬರು ಸಿಗರೇಟ್ ಪ್ಯಾಕಿನ ಹಿಂಭಾಗದಲ್ಲಿ ಒಂದು ಕಬ್ಬಿಣದ ತುಂಡಿನ ಚಿತ್ರ ಗೀಚಿ ಕೊಟ್ಟರು. ಓರೆಯಾಗಿ ನೋಡಿದ ಪೆಟ್ಟಿಗೆಯ ಹಾಗೆ ಒಂದು ದೊಡ್ಡ ಚೌಕದ ಗಟ್ಟಿ. ನಮಗೆ ಹತ್ತಿರದ ಮೂಲೆಯಲ್ಲಿ ಇನ್ನೊಂದು ಪುಟ್ಟ ಚೌಕ. ಬರೀ ಗೆರೆ. ನನಗೆ ಆ ಮೂಲೆಯನ್ನು ಇಲಿ ಕಚ್ಚಿ ತೆಗೆದ ಹಾಗೆ ಕಂಡಿತು. ನಮ್ಮ ಮಿಲ್ಲಿಂಗ್ ಮಿಷನ್ನಿನವನಿಗೆ ಅಲ್ಲೊಂದು ಬೆಲ್ಲದ ಅಚ್ಚು ಅಂಟಿಸಿದ ಹಾಗೆ ಕಂಡಿತು.

"ಕಚ್ಚು ಕಣಯ್ಯ, ಕಾಣಲ್ವಾ?" ಅಂದೆ.

"ಅಂಟಿರೋದು ಗುರು. ನೀನು ರಾತ್ರಿ ಸಿನಿಮಾ ನೋಡೋದು ಬಿಡು," ಅಂದ.

ಐದು ನಿಮಿಷ ದಿಟ್ಟಿಸಿದ ಮೇಲೆ ನನಗೂ ಅಂಟಿದ ಹಾಗೆ ಕಾಣಲು ಶುರುವಾಯಿತು. "ಹೌದು ಕಣೋ, ನೀನೇ ಸರಿ" ಅನ್ನುವಷ್ಟರಲ್ಲಿ ಅವನಿಗೆ ಕಚ್ಚಿದ ಹಾಗೆ ಕಂಡು, "ಇಲ್ಲ ಗುರು, ನೀನೇ ಸರಿ" ಅಂದ. ಮತ್ತೆ ಜಗಳ, ಆದರೆ ಈಗ ಪಕ್ಷ ಬದಲಾಗಿತ್ತು. ಕೊನೆಗೆ ಗಿರಾಕಿಗೇ ಫೋನ್ ಮಾಡಿ ಕೇಳಿದೆವು. ಕಚ್ಚು ಅಂದರು. ನಕ್ಕು ಮರೆತೆವು. ಮರೆಯಬಾರದಿತ್ತು.

ಇನ್ನು ಗಿಣಿಯ ವಿಷಯ. ಒಂದು ಫ್ಯಾನ್ ಕಂಪನಿಯವರು ತಮ್ಮ ಹೊಸ ಟೇಬಲ್ ಫ್ಯಾನಿಗೆ ಹಿತ್ತಾಳೆ ಬಿಲ್ಲೆ ಮಾಡಿಸಬೇಕೆಂದಿದ್ದರು. ಬಿಲ್ಲೆಯ ಮೇಲೆ ರೆಕ್ಕೆ ಮಡಚಿ ಕೂತ ಒಂದು ಗಿಣಿ. ಅವರ ಪರ್ಚೇಸ್ ಆಫೀಸರ್ ವೆಂಕಟೇಶನ್ ಒಳ್ಳೆಯ ಮನುಷ್ಯ, ನಿಧಾನಸ್ಥ. "ಮೇಣದಲ್ಲಿ ಮಾಡಿದ ಸ್ಯಾಂಪಲ್ ಇದೆ, ಮದ್ರಾಸಿನಿಂದ ಬರಬೇಕು, ಹತ್ತು ದಿನ ತಡೀರಿ. ಸದ್ಯಕ್ಕೆ ಅದರ ಫೋಟೋ ಇದೆ" ಅಂದರು. ಅವರ ಕೋಣೆಯ ಹೊರಗೆ ಬೆಂಚಿನ ಮೇಲೆ ಇನ್ನಿಬ್ಬರು ಅಚ್ಚಿನ ಶೆಡ್ಡಿನವರು ಕೂತಿದ್ದರು. ಹತ್ತು ದಿನ ತಡೆದರೆ ಆರ್ಡರು ಅವರಲ್ಲೊಬ್ಬರ ಜೇಬಿಗೆ. ನಾನು ಎದೆಯುಬ್ಬಿಸಿ, "ಸ್ಯಾಂಪಲ್ ಯಾಕೆ ಸಾರ್? ಫೋಟೋ ಸಾಕು. ನಮ್ಮ ಬಷೀರ್ ಭಾಯ್ ಫೋಟೋ ನೋಡಿ ಗಿಣಿಗೆ ಮಾತೂ ಬರಿಸ್ತಾರೆ" ಅಂದೆ. ಆರ್ಡರ್ ಸಿಕ್ಕಿತು.

ಬಷೀರ್ ಭಾಯ್ ನಮ್ಮ ಶೆಡ್ಡಿನ ಕೆತ್ತನೆಗಾರರು. ವಯಸ್ಸು ಐವತ್ತು ದಾಟಿತ್ತು. ಎಡಗೈಯಲ್ಲಿ ಉಳಿ ಹಿಡಿದು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಕೂತರೆ ಊಟದ ಗಂಟೆ ಹೊಡೆದದ್ದೂ ಕೇಳಿಸುತ್ತಿರಲಿಲ್ಲ. ಅವರ ಕೆಲಸದಲ್ಲಿ ಎಲ್ಲವೂ ತಿರುಗುಮುರುಗು. ಬಿಲ್ಲೆಯ ಮೇಲೆ ಗಿಣಿ ಉಬ್ಬಿ ನಿಲ್ಲಬೇಕಾದರೆ ಅಚ್ಚಿನಲ್ಲಿ ಗಿಣಿಯ ಆಕಾರದ ಗುಂಡಿ ತೋಡಬೇಕು. ಬಿಲ್ಲೆಯಲ್ಲಿ ಗಿಣಿ ತಗ್ಗಾಗಿರಬೇಕಾದರೆ ಅಚ್ಚಿನಲ್ಲಿ ಗಿಣಿಯನ್ನು ಬಿಟ್ಟು ಸುತ್ತಲಿನ ಉಕ್ಕನ್ನೆಲ್ಲ ಕೆತ್ತಿ ತೆಗೆಯಬೇಕು. ಎರಡನೆಯದು ದುಪ್ಪಟ್ಟು ಕಷ್ಟ.

ನಾನೂ ನಮ್ಮ ಮಾಲೀಕರು ನಂಜುಂಡಯ್ಯನವರೂ ಅವರ ಆಫೀಸಿನ ಮೇಜಿನ ಮೇಲೆ ಫೋಟೋ ಇಟ್ಟು ನೋಡಿದೆವು. ಗಿಣಿ ಉಬ್ಬಿ ನಿಂತಿತ್ತು. ಕೈ ಚಾಚಿದರೆ ಕೊಕ್ಕು ಹಿಡಿಯಬಹುದು, ಅಷ್ಟು ಸ್ಪಷ್ಟ. ಮಾಲೀಕರು ಫೋಟೋದ ಹಿಂದೆ ಸಹಿ ಹಾಕಿದರು, ನಾನು ಬಷೀರ್ ಭಾಯ್ ಕೈಗೆ ಕೊಟ್ಟೆ. ಅವರು ತಮ್ಮ ಜಾಗದಲ್ಲಿ ಕೂತು ನೋಡಿ, "ಚೆನ್ನಾಗಿದೆ ರಾಜಣ್ಣ, ಆದರೆ ಟೈಮ್ ಹಿಡೀತದೆ" ಅಂದರು. ಇವರು ಯಾವಾಗಲೂ ಹೀಗೇ ಅಂತ ನಾನು ಬೆನ್ನು ತಟ್ಟಿ ಬಂದೆ. ಉಬ್ಬೋ ತಗ್ಗೋ ಅಂತ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಇದನ್ನು ಗಮನಿಸಿ. ಅನುಮಾನ ಇದ್ದಿದ್ದರೆ ಯಾರಾದರೊಬ್ಬರು ಬಾಯಿ ಬಿಡುತ್ತಿದ್ದರು. ಇಬ್ಬರಿಗೂ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತಿತ್ತಲ್ಲ, ಕೇಳುವುದೇನಿದೆ?

ಹನ್ನೊಂದು ದಿನ ಕೆತ್ತಿದರು. ಅಚ್ಚನ್ನು ಕಾಯಿಸಿ ಗಟ್ಟಿ ಮಾಡಿಸಿ ತಂದೆವು. ಹಾಗೆ ಗಟ್ಟಿಯಾದ ಮೇಲೆ ಅದನ್ನು ಉಳಿ ಮುಟ್ಟಲಾರದು. ಪ್ರೆಸ್ಸಿಗೆ ಕಟ್ಟಿ ಮೊದಲ ಬಿಲ್ಲೆ ಒತ್ತಿದರು. ಮಾಲೀಕರು ಅದನ್ನು ಕೈಗೆತ್ತಿಕೊಂಡು ಹೆಬ್ಬೆರಳಲ್ಲಿ ಸವರಿದರು.

"ಏನ್ರೀ ಬಷೀರ್ ಇದು? ಗಿಣಿ ಎಲ್ಲಿ? ಗಿಣಿ ಬಿದ್ದ ಬಾವಿ ಇದೆ ಇಲ್ಲಿ!"

ಬಷೀರ್ ಭಾಯ್ ಬಿಲ್ಲೆ ನೋಡಿದರು, ಫೋಟೋ ನೋಡಿದರು. "ಸರಿಯಾಗೇ ಬಂದಿದೆಯಲ್ಲ ಸಾರ್. ಫೋಟೋದಲ್ಲಿ ತಗ್ಗೇ ಇರೋದು."

ಮಾಲೀಕರು ಫೋಟೋ ಕಿತ್ತುಕೊಂಡು ಆಫೀಸಿಗೆ ನಡೆದರು. ಮೇಜಿನ ಮೇಲಿಟ್ಟು ನೋಡಿದರು. ಉಬ್ಬು. ನನ್ನನ್ನು ಕರೆದರು. ನನಗೂ ಉಬ್ಬು. ಗುಮಾಸ್ತ ಶಾಮಣ್ಣನನ್ನು ಕರೆದರು. ಅವನಿಗೂ ಉಬ್ಬು.

"ಮುಗೀತು ರಾಜು," ಅಂದರು ಮಾಲೀಕರು ದನಿ ತಗ್ಗಿಸಿ. "ಮನುಷ್ಯನ ಕಣ್ಣು ಹೋಗಿದೆ. ಮೂರು ಜನಕ್ಕೆ ಕಾಣೋದು ಅವರಿಗೆ ಕಾಣ್ತಿಲ್ಲ. ಈ ತಿಂಗಳಿಗೆ ಲೆಕ್ಕ ಮುಗಿಸಿ ಕಳಿಸೋಣ. ಮರ್ಯಾದೆಯಿಂದ್ಲೇ ಕಳಿಸೋಣ."

ಪೀಣ್ಯ ಆಗ ಇವತ್ತಿನ ಹಾಗಿರಲಿಲ್ಲ. ಒಂದು ಶೆಡ್ಡಿನ ಮಾತು ಇನ್ನೊಂದು ಶೆಡ್ಡಿಗೆ ಮುಟ್ಟಲು ಒಂದು ಟೀ ಕುಡಿಯುವಷ್ಟು ಹೊತ್ತು ಸಾಕು. ನಮ್ಮ ಗೇಟಿನ ಪಕ್ಕ ಗಂಗಕ್ಕನ ಟೀ ಅಂಗಡಿ. ಅಕ್ಕಪಕ್ಕದ ಶೆಡ್ಡಿನ ಮಾಲೀಕರೂ ಕೆಲಸಗಾರರೂ ಅಲ್ಲೇ ನಿಲ್ಲುವುದು. ಮರುದಿನವೇ ಅಲ್ಲಿ ಯಾರೋ, "ಗಂಗಕ್ಕ, ಬಷೀರ್ ಭಾಯ್‌ಗೆ ಒಂದು ಟೀ ಕೊಟ್ಟು ಎರಡಕ್ಕೆ ಬರ್ಕೊ, ಅವರಿಗೆ ಎರಡು ಕಾಣ್ತದೆ" ಅಂದ. ಎಲ್ಲರೂ ನಕ್ಕರು. ಬಷೀರ್ ಭಾಯ್ ಲೋಟ ಕೆಳಗಿಟ್ಟು ಒಳಗೆ ಬಂದುಬಿಟ್ಟರು. ಕೆತ್ತನೆಗಾರನ ಕೈ ನಡುಗುತ್ತದೆ ಅಂದರೂ ಬೇರೆ ಕಡೆ ಕೆಲಸ ಹುಟ್ಟೀತು. ಕಣ್ಣು ಹೋಗಿದೆ ಅಂದರೆ ಮುಗಿಯಿತು, ಬಾಗಿಲು ತೆರೆಯುವವರಿಲ್ಲ.

ಅವರು ಅರ್ಧ ದಿನ ರಜೆ ಹಾಕಿ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಂದರು. ಡಾಕ್ಟರು ಕನ್ನಡಕ ಕೂಡ ಬದಲಾಯಿಸಬೇಕಿಲ್ಲ ಅಂದರಂತೆ. ಇವರಿಗೇ ನಂಬಿಕೆ ಬರಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು, "ಡಾಕ್ಟರ್‌ಗೆ ನಮ್ದು ಕೆಲಸ ಏನ್ ಗೊತ್ತು ರಾಜಣ್ಣ? ನೀವೆಲ್ಲ ಉಬ್ಬು ಅಂತೀರ. ನಂಗೆ ಈಗ್ಲೂ ತಗ್ಗೇ ಕಾಣ್ತದೆ. ನಿಮಗೆಲ್ಲ ಕಾಣೋದು ನಂಗೆ ಕಾಣದಿದ್ರೆ ಇನ್ನೇನು, ಹೋಗಿದೆ" ಅಂದರು.

ನನಗೆ ಒಳಗೊಳಗೇ ಕೊರೆಯುತ್ತಿತ್ತು. ಸ್ಯಾಂಪಲ್ ಇತ್ತು, ಬೇಡ ಅಂದವನು ನಾನು. ಮಾಲೀಕರಿಗೆ ಅದು ಗೊತ್ತಿರಲಿಲ್ಲ. ಮೂರು ದಿನ ಬಾಯಿ ಮುಚ್ಚಿಕೊಂಡಿದ್ದೆ. ಜಾಣತನ ಅಂದುಕೊಂಡಿದ್ದೆ, ಅದು ಹೇಡಿತನ.

"ಎಲ್ಲಿ, ತೋರಿಸಿ ಭಾಯ್" ಅಂತ ಅವರ ಸ್ಟೂಲಿನ ಮೇಲೆ ಕೂತೆ. ಫೋಟೋ ಎದುರಿಗಿಟ್ಟುಕೊಂಡೆ. ಗಿಣಿ ಒಳಗೆ ಹೋಗಿತ್ತು! ರೆಕ್ಕೆ, ಕೊಕ್ಕು, ಬಾಲ ಎಲ್ಲ ಹಸಿ ಸಿಮೆಂಟಿನಲ್ಲಿ ಹೆಜ್ಜೆ ಊರಿದ ಹಾಗೆ ತಗ್ಗು. ಕಣ್ಣುಜ್ಜಿಕೊಂಡು ನೋಡಿದೆ. ತಗ್ಗೇ. ಫೋಟೋ ಹಿಡಿದು ಆಫೀಸಿಗೆ ಓಡಿದೆ. ಮೇಜಿನ ಮೇಲಿಟ್ಟೆ. ನೋಡುತ್ತಿದ್ದಂತೆ ಗಿಣಿ ಮೇಲೆದ್ದಿತು. ಮತ್ತೆ ಸ್ಟೂಲಿಗೆ. ಮತ್ತೆ ತಗ್ಗು. ನಾನು ಹೀಗೆ ನಾಲ್ಕು ಸಲ ಓಡಾಡಿದ್ದು ನೋಡಿ ಬಷೀರ್ ಭಾಯ್, "ಹೊಟ್ಟೆ ಸರಿ ಇಲ್ವಾ ರಾಜಣ್ಣ?" ಅಂತ ಕೇಳಿದರು.

ಐದನೆಯ ಸಲಕ್ಕೆ ಹೊಳೆಯಿತು. ಆಫೀಸಿನ ಮೇಜಿಗೆ ಕಿಟಕಿ ಎಡಗಡೆ. ಬಷೀರ್ ಭಾಯ್ ಎಡಚರು. ಕಿಟಕಿ ಎಡಗಡೆ ಇದ್ದರೆ ಅವರ ಕೈಯ ನೆರಳು ಕೆಲಸದ ಮೇಲೆ ಬೀಳುತ್ತದೆ. ಅದಕ್ಕೇ ಸೇರಿದ ದಿನವೇ ಜಗಳವಾಡಿ ಕಿಟಕಿ ಬಲಗಡೆ ಬರುವ ಹಾಗೆ ಮೇಜು ಹಾಕಿಸಿಕೊಂಡಿದ್ದರು. ಫೋಟೋ ತೆಗೆದವನು, ಆಮೇಲೆ ಗೊತ್ತಾದ ಹಾಗೆ, ದೀಪವನ್ನು ಗಿಣಿಯ ಎಡಕ್ಕೆ ಇಟ್ಟಿದ್ದ. ಎಡ ಅಂಚು ಬೆಳ್ಳಗೆ, ಬಲ ಅಂಚು ಕಪ್ಪಗೆ. ಬೆಳಕು ಎಡದಿಂದ ಬರುತ್ತಿದೆ ಅಂತ ಮನಸ್ಸು ಎಣಿಸಿದರೆ ಅದು ಉಬ್ಬು. ಬಲದಿಂದ ಅಂತ ಎಣಿಸಿದರೆ ಅದೇ ಬಿಳುಪು, ಅದೇ ಕಪ್ಪು, ಆದರೆ ತಗ್ಗು. ಕೂತ ಜಾಗದ ಬೆಳಕನ್ನೇ ಮನಸ್ಸು ಫೋಟೋದೊಳಕ್ಕೂ ಹಾಯಿಸಿಬಿಡುತ್ತಿತ್ತು. ನಮ್ಮನ್ನು ಕೇಳದೆ.

ಇದನ್ನು ಮಾಲೀಕರಿಗೆ ಹೇಳುವುದು ಹೇಗೆ? "ಸಾರ್, ನೀವು ತಪ್ಪು" ಅಂದರೆ ಯಾವ ಮಾಲೀಕನೂ ಕೇಳುವುದಿಲ್ಲ. ಸೊಪ್ಪು ಮಾರುವಾಗ ಅವ್ವ ಹೇಳಿಕೊಟ್ಟಿದ್ದಳು: ತಾಜಾ ಇದೆ ಅಂತ ನೀನು ಕೂಗಬೇಡ, ಗಿರಾಕಿ ಕೈಗೆ ಕೊಟ್ಟು ಸುಮ್ಮನಿರು. ಮಾರನೆಯ ದಿನ ಬೆಳಗ್ಗೆ, "ಸಾರ್, ಬಷೀರ್ ಭಾಯ್ ಜಾಗಕ್ಕೆ ಹೊಸಬರು ಬಂದ್ರೆ ಆ ಮೇಜು ಹೇಗಿರಬೇಕು ಅಂತ ಒಂದ್ಸಲ ಕೂತು ನೋಡ್ತೀರಾ?" ಅಂದೆ. ಬಂದು ಕೂತರು. ಮೇಜಿನ ಮೇಲೆ ಫೋಟೋ ಇಟ್ಟಿದ್ದೆ, ಅಷ್ಟೇ.

ಫೋಟೋ ಎತ್ತಿ ಕಣ್ಣಿನ ಹತ್ತಿರ ಹಿಡಿದರು. ಆಮೇಲೆ, "ಯಾವನ್ರೀ ಫೋಟೋ ಬದಲಾಯಿಸಿದ್ದು?" ಅಂತ ಗುಡುಗಿದರು.

"ಅದೇ ಫೋಟೋ ಸಾರ್. ಹಿಂದುಗಡೆ ನಿಮ್ಮದೇ ಸಹಿ ಇದೆ."

ತಿರುಗಿಸಿ ಸಹಿ ನೋಡಿದರು. ಫೋಟೋ ಹಿಡಿದು ಆಫೀಸಿಗೆ ಹೋದರು. ವಾಪಸ್ ಬಂದರು. ಮತ್ತೆ ಹೋದರು. ಈ ಸಲ ಬಷೀರ್ ಭಾಯ್ ನನ್ನ ಕಡೆ ನೋಡಿ ಮೀಸೆಯಡಿ ನಕ್ಕರು. ಮೂರು ದಿನದಲ್ಲಿ ಅದೇ ಮೊದಲ ನಗು.

ಅಷ್ಟರಲ್ಲಿ ಪ್ರೆಸ್ಸು ನಿಂತಿತು, ಎಲ್ಲರೂ ಸುತ್ತ ಸೇರಿದರು. ಮಾಲೀಕರು ಒಬ್ಬೊಬ್ಬರನ್ನೇ ಸ್ಟೂಲಿನ ಮೇಲೆ ಕೂರಿಸಿ ಕೇಳತೊಡಗಿದರು. ಹೆಚ್ಚಿನವರಿಗೆ ತಗ್ಗು. ಕೆಲವರಿಗೆ ಅಲ್ಲೂ ಉಬ್ಬು. ಶಾಮಣ್ಣನಿಗೆ ಎಲ್ಲಿ ಕೂರಿಸಿದರೂ ಉಬ್ಬೇ. ಫೋಟೋ ತಲೆಕೆಳಗು ಹಿಡಿದರೂ, "ಗಿಣಿ ತಲೆಕೆಳಗಾಗಿದೆ, ಉಬ್ಬು ಹಾಗೇ ಇದೆ" ಅಂದ. ಒಬ್ಬ ಅವನಿಗೆ "ನಿಂಗೆ ಮದುವೆ ಆದಾಗಿಂದ ಒಂದೇ ಕಡೆ ನೋಡಿ ಅಭ್ಯಾಸ" ಅಂದ. ಟೀ ಕೊಡಲು ಬಂದ ಗಂಗಕ್ಕನನ್ನೂ ಬಿಡಲಿಲ್ಲ. ಅವಳು ಫೋಟೋವನ್ನು ಹಾಗೆ ಹೀಗೆ ಆಡಿಸಿ, "ಇಂಗ್ ನೋಡಿದ್ರೆ ಉಬ್ಬು, ಅಂಗ್ ನೋಡಿದ್ರೆ ತಗ್ಗು. ನಿಮ್ಗ್ಯಾವ್ದು ಬೇಕೋ ಯೋಳಿ, ಅದ್ನೇ ಯೋಳ್ತೀನಿ" ಅಂದಳು. ಅಲ್ಲಿದ್ದ ಎಲ್ಲರಿಗಿಂತ ಅವಳೇ ಸರಿಯಾಗಿ ನೋಡಿದ್ದು ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ.

ನಗು ಇಳಿದ ಮೇಲೆ ಮಾಲೀಕರು ನನ್ನ ಕಡೆ ತಿರುಗಿದರು. "ಅಲ್ಲ ರಾಜು, ಅವರ ಹತ್ರ ಸ್ಯಾಂಪಲ್ ಇರಲಿಲ್ವಾ?"

ಬಷೀರ್ ಭಾಯ್ ಕೂಡ ನೋಡುತ್ತಿದ್ದರು. ಹೇಳಿದೆ. ಬೆಂಚಿನ ಮೇಲೆ ಕೂತಿದ್ದ ಆ ಇಬ್ಬರು, ನಾನು ಎದೆಯುಬ್ಬಿಸಿದ್ದು, ಎಲ್ಲ ಹೇಳಿದೆ.

"ನಿನ್ನ ಇನ್‌ಕ್ರಿಮೆಂಟ್ ಮುಂದಿನ ವರ್ಷ ನೋಡೋಣ" ಅಂದರು ಮಾಲೀಕರು. ನನ್ನ ಜೀವಮಾನದಲ್ಲಿ ಚೌಕಾಸಿ ಮಾಡದೆ ಒಪ್ಪಿಕೊಂಡ ವ್ಯವಹಾರ ಅದೊಂದೇ. ಬಷೀರ್ ಭಾಯ್ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಅದು ಇನ್‌ಕ್ರಿಮೆಂಟಿಗಿಂತ ದುಬಾರಿಯಾಯಿತು.

ಮಾಲೀಕರು, "ಬಷೀರ್, ಇನ್ನೊಂದು ಗಟ್ಟಿ ತರಿಸ್ಲಾ?" ಅಂತ ಕೇಳಿದರು. ಅವರಿಗೆ ಕ್ಷಮೆ ಕೇಳುವ ರೀತಿ ಅದೊಂದೇ ಗೊತ್ತಿದ್ದದ್ದು.

"ಗಟ್ಟಿ ಆಮೇಲೆ ತರಿಸಿ ಸಾರ್" ಅಂದರು ಬಷೀರ್ ಭಾಯ್. "ನಮ್ದು ಕಣ್ಣು ಹೋಗಿದೆ ಅನ್ನೋ ಮಾತು ನಿಮ್ಮ ಆಫೀಸಿಂದ ಆಚೆ ಹೋಯ್ತಲ್ಲ, ಅದನ್ನ ಮೊದಲು ವಾಪಸ್ ತರಿಸಿ."

ಮಾಲೀಕರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು. ಹನ್ನೊಂದು ಗಂಟೆಯ ಟೀ ಹೊತ್ತಿಗೆ, ಯಾವತ್ತೂ ಆಫೀಸಿನಲ್ಲೇ ಟೀ ತರಿಸಿಕೊಳ್ಳುತ್ತಿದ್ದವರು, ಗೇಟು ದಾಟಿ ಗಂಗಕ್ಕನ ಅಂಗಡಿಯ ಮುಂದೆ ಹೋಗಿ ನಿಂತರು. ಪಕ್ಕದ ಶೆಡ್ಡಿನ ಇಬ್ಬರು ಮಾಲೀಕರಿದ್ದರು, ಹತ್ತಿಪ್ಪತ್ತು ಕೆಲಸಗಾರರಿದ್ದರು. ಇವರು ಗಂಟಲು ಸರಿಮಾಡಿಕೊಂಡು, ಧ್ವಜ ಹಾರಿಸಿ ಭಾಷಣ ಮಾಡುವವರ ಹಾಗೆ ನೆಟ್ಟಗೆ ನಿಂತು, "ಎಲ್ರೂ ಕೇಳಿ. ಬಷೀರ್ ಕಣ್ಣು ಸರಿ ಇದೆ. ನಮ್ಮ ಕಿಟಕಿ ಸರಿ ಇಲ್ಲ" ಅಂದರು.

"ಕಿಟಕಿಯೂ ಸರಿ ಇದೆ ಸಾರ್" ಅಂದರು ಬಷೀರ್ ಭಾಯ್ ಹಿಂದಿನಿಂದ. "ಫೋಟೋ ಒಂದೇ ಸಾಲದು."

ಅವತ್ತು ಮಧ್ಯಾಹ್ನದೊಳಗೆ ಅಕ್ಕಪಕ್ಕದ ಮೂರು ಶೆಡ್ಡಿನವರು ಫೋಟೋ ನೋಡಲು ಬಂದು ಆ ಸ್ಟೂಲಿನ ಮೇಲೆ ಕೂತು ಹೋದರು. ಎರಡು ಟೀ ಅಂತ ಹಾಸ್ಯ ಮಾಡಿದ್ದವನಿಗೂ ತಗ್ಗೇ ಕಂಡಿತು. ಬಷೀರ್ ಭಾಯ್ ಅವನಿಗೆ ಡಾಕ್ಟರ ವಿಳಾಸ ಕೊಟ್ಟರು.

ಮಿಕ್ಕದ್ದು ನನ್ನ ಕೆಲಸ. ವೆಂಕಟೇಶನ್ ಅವರಲ್ಲಿಗೆ ತಗ್ಗಿನ ಬಿಲ್ಲೆ, ಫೋಟೋ ಎರಡೂ ಹಿಡಿದು ಹೋದೆ. ಈ ಸಲ ಎದೆಯುಬ್ಬಿಸಲಿಲ್ಲ. ತಪ್ಪು ನಮ್ಮದು ಅಂದೆ, ಫೋಟೋ ಅವರ ಮುಂದಿಟ್ಟೆ, ಅವರ ಡ್ರಾಯಿಂಗ್ ಆಫೀಸಿನವರನ್ನೂ ಒಂದು ನಿಮಿಷ ಕರೆಸಿ ಅಂತ ಕೇಳಿಕೊಂಡೆ. ಡ್ರಾಯಿಂಗಿನವರು ಮೇಜಿನ ಆ ಬದಿಯಲ್ಲಿ ನಿಂತು ಫೋಟೋ ತಮ್ಮ ಕಡೆ ತಿರುಗಿಸಿಕೊಂಡು ತಗ್ಗು ಅಂದರು, ವೆಂಕಟೇಶನ್ ಈ ಬದಿಯಲ್ಲಿ ಕೂತು ಉಬ್ಬು ಅಂದರು. ಕಾಲು ಗಂಟೆ ಅವರವರೇ ವಾದ ಮಾಡಿದರು. ನಾನು ಕಾಫಿ ಕುಡಿದೆ. ಕೊನೆಗೆ ಹತ್ತು ದಿನ ಹೆಚ್ಚು ಸಿಕ್ಕಿತು, ಮೇಣದ ಸ್ಯಾಂಪಲ್ಲೂ ಸಿಕ್ಕಿತು. ಅದರಲ್ಲಿ ಗಿಣಿ ಉಬ್ಬೇ ಇತ್ತು. ಬಷೀರ್ ಭಾಯ್ ಸ್ಯಾಂಪಲ್ ಮುಟ್ಟಿ ನೋಡಿ ಐದೇ ದಿನದಲ್ಲಿ ಗಿಣಿಯನ್ನು ತೋಡಿ ಮುಗಿಸಿದರು. ಅದಾದ ಮೇಲೆ ಇನ್ನೂ ಒಂಬತ್ತು ವರ್ಷ ಅದೇ ಸ್ಟೂಲಿನ ಮೇಲೆ ಕೂತು ಕೆಲಸ ಮಾಡಿದರು.

ಆಮೇಲೆ ನಮ್ಮ ಪದ್ಧತಿಯೇ ಬದಲಾಯಿತು. ಫೋಟೋ ಬಂದರೆ ಬೆಳಕು ಯಾವ ಕಡೆಯಿಂದ ಅಂತ ಬಾಣದ ಗುರುತು ಹಾಕಿಸಿಕೊಳ್ಳುತ್ತಿದ್ದೆವು. ಉಳಿ ಹಿಡಿಯುವ ಮುಂಚೆ ಬಷೀರ್ ಭಾಯ್ ಜೇಡಿಮಣ್ಣಿನಲ್ಲಿ ಒಂದು ಬಿಲ್ಲೆ ಮಾಡಿ ಗಿರಾಕಿಯ ಬೆರಳಿಗೆ ಮುಟ್ಟಿಸುತ್ತಿದ್ದರು. ಎಂಬತ್ತರ ದಶಕದಲ್ಲಿ ಜೆರಾಕ್ಸ್ ಬಂದಾಗ ಹಳೇ ತೊಂದರೆ ಹೊಸ ಅಂಗಿ ಹಾಕಿ ಬಂತು. ಪ್ರತಿಯಲ್ಲಿ ಬೂದು ಬಣ್ಣ ಹೋಗಿ ಬರೀ ಕಪ್ಪು ಬಿಳುಪು ಉಳಿಯುತ್ತಿತ್ತು, ಉಬ್ಬೋ ತಗ್ಗೋ ದೇವರಿಗೇ ಗೊತ್ತು. ಆದರೆ ಅಷ್ಟರಲ್ಲಿ ನಾವು ಹುಷಾರಾಗಿದ್ದೆವು.

ಈಗ ನಿಮಗೆ. ಕೈಗೆ ಚಿತ್ರ ಬಂದ ಕೂಡಲೇ ಅದನ್ನು ತಲೆಕೆಳಗು ಮಾಡಿ ನೋಡಿ, ಜಾಗ ಬದಲಾಯಿಸಿ ನೋಡಿ. ಕೆಲಸ ಮಾಡುವವರ ಜಾಗದಲ್ಲಿ ಕೂತು ನೋಡಿ. ತೀರಾ ಸ್ಪಷ್ಟವಾಗಿ ಕಂಡರೆ ಇನ್ನೂ ಒಂದು ಸಲ ನೋಡಿ. ಪಕ್ಕದವರಿಗೆ ಬೇರೆ ಕಂಡರೆ ಡಾಕ್ಟರ ಹತ್ತಿರ ಕಳಿಸುವ ಮೊದಲು ನೀವು ಎದ್ದು ಅವರ ಪಕ್ಕ ನಿಲ್ಲಿ. ಸ್ಯಾಂಪಲ್ ಇದೆ ಅಂದರೆ, ಹೊರಗೆ ಬೆಂಚಿನ ಮೇಲೆ ಹತ್ತು ಜನ ಕೂತಿರಲಿ, ಕಾಯಿರಿ. ಗಿರಾಕಿಯನ್ನು "ಅರ್ಥವಾಯ್ತಾ?" ಅಂತ ಕೇಳಬೇಡಿ, ಎಲ್ಲರೂ ಹೌದು ಅನ್ನುತ್ತಾರೆ. ಅದರ ಬದಲು, "ಈ ಬಿಲ್ಲೆಯನ್ನ ಬಟ್ಟೆಯಲ್ಲಿ ಒರೆಸಿದರೆ ಧೂಳು ಎಲ್ಲಿ ಉಳಿಯುತ್ತೆ, ಗಿಣಿಯ ಒಳಗಾ, ಗಿಣಿಯ ಸುತ್ತಾನಾ?" ಅಂತ ಕೇಳಿ. ಅವರು ಹೇಳಿದ ಉತ್ತರವನ್ನು ಕಾಗದದ ಮೇಲೆ ಬರೆದು ಅವರ ಸಹಿ ಹಾಕಿಸಿ. ಆಮೇಲೆ ಉಳಿ ಎತ್ತಿ.